ಬೋಕಾ ಜೂನಿಯರ್ಸ್: ವಲಸೆ ಬಂದವರ ಮಕ್ಕಳು ಕಟ್ಟಿದ ಸಂಘ

ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಹೋದವರು ಮೊದಲು ಮಾಡುವ ಕೆಲಸ ಬಾಡಿಗೆಯ ಬಿಡಾರ ಹುಡುಕುವುದು. ಎರಡನೆಯದು, ತಮ್ಮವರು ನಾಲ್ಕು ಜನ ಸೇರಿ ಒಂದು ಸಂಘ ಕಟ್ಟುವುದು. ಈ ಮಾತು ನಮಗೆ ಹೊಸದಲ್ಲ. ನಾವು ನಾಟಕವಾಡುತ್ತೇವೆ, ರಾಜ್ಯೋತ್ಸವಕ್ಕೆ ಚಂದಾ ಎತ್ತುತ್ತೇವೆ, ವರ್ಷಕ್ಕೊಮ್ಮೆ ಪದಾಧಿಕಾರಿಗಳ ಚುನಾವಣೆಯಲ್ಲಿ ಜಗಳವನ್ನೂ ಆಡುತ್ತೇವೆ. ಭೂಮಂಡಲದ ಇನ್ನೊಂದು ಮಗ್ಗುಲಿನಲ್ಲಿ, ದಕ್ಷಿಣ ಅಮೆರಿಕದ ಅರ್ಜೆಂಟೀನಾ ದೇಶದಲ್ಲಿ, ಇಟಲಿಯಿಂದ ಹೋಗಿ ನೆಲೆಸಿದವರ ಮಕ್ಕಳು ಕಾಲ್ಚೆಂಡಾಟಕ್ಕೆಂದು ಇಂಥದೇ ಒಂದು ಸಂಘ ಕಟ್ಟಿದರು. ಅದರ ಹೆಸರು ಬೋಕಾ ಜೂನಿಯರ್ಸ್. ನೂರಿಪ್ಪತ್ತು ವರ್ಷ ದಾಟಿದ ಈ ಸಂಘದ ಚರಿತ್ರೆ ಆಟದಲ್ಲಿ ಆಸಕ್ತಿಯಿಲ್ಲದವರಿಗೂ ತಿಳಿಯತಕ್ಕದ್ದಾಗಿದೆ.

ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್. ಅದರ ದಕ್ಷಿಣದಂಚಿನಲ್ಲಿ ರಿಯಾಚ್ವೆಲೊ ಎಂಬ ಸಣ್ಣ ಹೊಳೆ ಲಾ ಪ್ಲಾಟಾ ಎಂಬ ಮಹಾನದಿಯನ್ನು ಕೂಡುತ್ತದೆ. ಆ ಜಾಗಕ್ಕೆ ಲಾ ಬೋಕಾ ಎಂದು ಹೆಸರು. ಸ್ಪ್ಯಾನಿಷ್ ಭಾಷೆಯಲ್ಲಿ ಬೋಕಾ ಎಂದರೆ ಬಾಯಿ. ಇದು ಹೊಳೆಯ ಬಾಯಿ. 19ನೆಯ ಶತಮಾನದಲ್ಲಿ ಇಲ್ಲಿನ ಧಕ್ಕೆಯಲ್ಲಿ ಕೆಲಸ ಹುಡುಕಿಕೊಂಡು ಇಟಲಿಯ ಜೆನೋವಾ ಬಂದರಿನ ಕಡೆಯವರು ತಂಡತಂಡವಾಗಿ ಬಂದಿಳಿದರು. ನಾವಿಕರು, ಹಡಗು ಕಟ್ಟುವ ಬಡಗಿಗಳು, ಮೂಟೆ ಹೊರುವವರು. ಅವರ ವಾಸದ ಮನೆಗಳನ್ನು ಬಂಬಯಿಯ ಚಾಳು ಕಂಡವರಿಗೆ ಬಣ್ಣಿಸಬೇಕಾಗಿಲ್ಲ. ಸಂಸಾರಕ್ಕೊಂದು ಕೋಣೆ, ಎಲ್ಲರಿಗೂ ಸೇರಿ ಒಂದು ಅಂಗಳ. ಗೋಡೆಗಳು ಹಲಗೆ ಮತ್ತು ತಗಡಿನವು. ಹಡಗಿಗೆ ಬಳಿದು ಮಿಕ್ಕ ಬಣ್ಣವನ್ನು ತಂದು ಅದಕ್ಕೆ ಬಳಿಯುತ್ತಿದ್ದುದರಿಂದ ಒಂದು ಗೋಡೆ ನೀಲಿಯಾದರೆ ಇನ್ನೊಂದು ಹಳದಿ, ಮತ್ತೊಂದು ಹಸಿರು. ಬಡತನವೇ ಆ ಕೇರಿಗೆ ಚಂದವನ್ನು ತಂದುಕೊಟ್ಟಿತು. ಇದ್ದಲು ಮಾರುವವನ ಮನೆಯಲ್ಲಿ ಸಾಕುಮಗನಾಗಿ ಬೆಳೆದ ಬೆನಿಟೊ ಕಿಂಕೆಲಾ ಮಾರ್ಟಿನ್ ಎಂಬ ಚಿತ್ರಕಾರನು (1890–1977) ಈ ಧಕ್ಕೆಯನ್ನೂ ಇಲ್ಲಿನ ಕೂಲಿಗಳನ್ನೂ ಚಿತ್ರಿಸಿಯೇ ಪ್ರಸಿದ್ಧನಾದನು. 1904ರಲ್ಲಿ ಅರ್ಜೆಂಟೀನಾದ ಪಾರ್ಲಿಮೆಂಟಿಗೆ ಮೊಟ್ಟಮೊದಲ ಸಮಾಜವಾದಿ ಪ್ರತಿನಿಧಿಯನ್ನು ಆರಿಸಿ ಕಳಿಸಿದವರೂ ಈ ಕೇರಿಯವರೇ.

ಕಾಲ್ಚೆಂಡಾಟವನ್ನು ಆ ದೇಶಕ್ಕೆ ತಂದವರು ಇಂಗ್ಲಿಷರು. ರೈಲ್ವೆ, ಬ್ಯಾಂಕು, ಶಾಲೆಗಳ ಜೊತೆಗೆ ಚೆಂಡೂ ಬಂತು. ಬಹುಕಾಲ ಅದು ದೊರೆಗಳ ಆಟವಾಗಿತ್ತು. ಆದರೆ ಚೆಂಡಿಗೆ ಜಾತಿಯಿಲ್ಲ, ಬೀದಿಗೆ ಬಾಗಿಲಿಲ್ಲ. 1905ನೆಯ ಇಸವಿ ಏಪ್ರಿಲ್ 3ರಂದು ಎಸ್ತೆಬಾನ್ ಬಾಗ್ಲಿಯೆತ್ತೊ, ಆಲ್ಫ್ರೆಡೊ ಸ್ಕಾರ್ಪಾತಿ, ಸಾಂತಿಯಾಗೊ ಸಾನಾ, ಹ್ವಾನ್ ಮತ್ತು ತೆಯೊದೊರೊ ಫಾರೆಂಗಾ ಸಹೋದರರು ಒಟ್ಟುಗೂಡಿದರು. ಎಲ್ಲರೂ ಹದಿಹರೆಯದವರು. ಸಭೆ ಮೊದಲು ಬಾಗ್ಲಿಯೆತ್ತೊನ ಮನೆಯಲ್ಲಿ ನಡೆದು, ಆಮೇಲೆ ಸೋಲಿಸ್ ಎಂಬ ಚೌಕದ ಉದ್ಯಾನಕ್ಕೆ ಸಾಗಿತು. ಹೀಗೆ ಬೋಕಾ ಜೂನಿಯರ್ಸ್ ಹುಟ್ಟಿತು. ಹೆಸರಿನ ಮೊದಲರ್ಧ ಕೇರಿಯದು, ಸ್ಪ್ಯಾನಿಷ್. ಎರಡನೆಯ ಅರ್ಧ ದೊಡ್ಡಸ್ತಿಕೆಗಾಗಿ ಇಂಗ್ಲಿಷ್. ಕಟ್ಟಿದವರ ಮನೆಮಾತು ಇಟಲಿಯದು.

ಸಂಘಕ್ಕೆ ಬಣ್ಣ ಬಂದ ಬಗೆಯ ಕಥೆಯೊಂದು ಅಲ್ಲಿ ಪ್ರಚಲಿತವಾಗಿದೆ. ಅಂಗಿಗೆ ಯಾವ ಬಣ್ಣವೆಂದು ಚರ್ಚೆಯಾಗಿ, ಬಗೆಹರಿಯದೆ, ಬಂದರಿಗೆ ಬರುವ ಮೊದಲ ಹಡಗಿನ ಬಾವುಟದ ಬಣ್ಣವೇ ನಮ್ಮದಾಗಲಿ ಎಂದು ನಿಶ್ಚಯಿಸಿದರಂತೆ. ಬಂದದ್ದು ಸ್ವೀಡನ್ ದೇಶದ ಹಡಗು. ಅಂದಿನಿಂದ ಬೋಕಾದ ಬಣ್ಣ ನೀಲಿ ಮತ್ತು ಹಳದಿ. ಸ್ವೀಡನ್ನಿಗೂ ಆ ಕೇರಿಗೂ ಬೇರೆ ನಂಟೇನೂ ಇಲ್ಲ. ಆದರೆ ಹಡಗಿನಿಂದಲೇ ಬಂದ ಜನರಿಗೆ ಹಡಗೇ ಬಣ್ಣ ಕೊಟ್ಟಿತೆಂಬುದು ಎಷ್ಟು ಸಹಜ!

ಬೋಕಾದ ಕಥೆಯನ್ನು ಅದರ ಎದುರಾಳಿಯನ್ನು ಬಿಟ್ಟು ಹೇಳುವಂತಿಲ್ಲ. 1901ರಲ್ಲಿ ಸ್ಥಾಪನೆಯಾದ ರಿವರ್ ಪ್ಲೇಟ್ ಸಂಘವೂ ಇದೇ ಲಾ ಬೋಕಾದ ಕೂಸು. ಆದರೆ ಅದು ಮುಂದೆ ಕೇರಿಯನ್ನು ಬಿಟ್ಟು ಪಟ್ಟಣದ ಉತ್ತರಕ್ಕೆ, ಅನುಕೂಲಸ್ಥರ ಬಡಾವಣೆಗಳ ಕಡೆಗೆ ಹೋಯಿತು. 1930ರ ದಶಕದಲ್ಲಿ ಭಾರಿ ಬೆಲೆ ತೆತ್ತು ಆಟಗಾರರನ್ನು ಕೊಂಡುದರಿಂದ ಅದಕ್ಕೆ ‘ಲಕ್ಷಾಧೀಶರು’ ಎಂಬ ಅಡ್ಡಹೆಸರು ಬಿತ್ತು. ಬೋಕಾದವರಿಗೆ ಎದುರಾಳಿಗಳು ಕೊಟ್ಟ ಹೆಸರು ‘ಬೋಸ್ತೆರೊ’, ಎಂದರೆ ಲದ್ದಿಯವರು. ಬೈಗುಳವಾಗಿ ಎಸೆದ ಆ ಮಾತನ್ನು ಬೋಕಾದವರು ಎತ್ತಿಕೊಂಡು ಬಿರುದಿನಂತೆ ಧರಿಸಿದರು. ‘ಹೌದು, ನಾವು ಲದ್ದಿಯವರೇ’ ಎಂದು ಎದೆತಟ್ಟಿ ಹೇಳುವವನನ್ನು ಇನ್ನಾರು ಅವಮಾನಪಡಿಸಿಯಾರು?

1925ರಲ್ಲಿ ಬೋಕಾ ತಂಡವು ಯೂರೋಪಿಗೆ ಹೋಗಿ ಸ್ಪೇನ್, ಜರ್ಮನಿ, ಫ್ರಾನ್ಸ್ ದೇಶಗಳಲ್ಲಿ 19 ಪಂದ್ಯಗಳನ್ನಾಡಿ 15ರಲ್ಲಿ ಗೆದ್ದಿತು. ಈ ಪ್ರವಾಸದಲ್ಲಿ ವಿಕ್ತೋರಿಯಾನೊ ಕಾಫರೇನಾ ಎಂಬ ಅಭಿಮಾನಿಯೊಬ್ಬನು ತಂಡದ ಜೊತೆಗೇ ಹೋಗಿ, ಸಾಮಾನು ನೋಡಿಕೊಳ್ಳುವುದರಿಂದ ಹಿಡಿದು ಎಲ್ಲ ಊಳಿಗವನ್ನೂ ಮಾಡಿದನು. ಆಟಗಾರರು ಅವನನ್ನು ‘ಹನ್ನೆರಡನೆಯ ಆಟಗಾರ’ ಎಂದು ಕರೆದರು. ಮುಂದೆ ಆ ಹೆಸರು ಬೋಕಾದ ಅಭಿಮಾನಿಗಳೆಲ್ಲರಿಗೂ ಸಂದಿತು. ಯಾವ ಸಂಘವನ್ನೇ ನೋಡಿ, ವೇದಿಕೆಯ ಮೇಲೆ ಕಾಣಿಸದೆ ಕುರ್ಚಿ ಜೋಡಿಸುವವನೊಬ್ಬನಿರುತ್ತಾನೆ. ಅವನಿಗೊಂದು ಅಂಕಿ ಕೊಟ್ಟು ಗೌರವಿಸಿದ್ದು ಬೋಕಾದವರ ಹಿರಿಮೆ.

1940ರ ಮೇ 25ರಂದು ಅವರ ಹೊಸ ಕ್ರೀಡಾಂಗಣ ಆರಂಭವಾಯಿತು. ಜಾಗ ಕಿರಿದು, ಜನ ಬಹಳ. ಆದ್ದರಿಂದ ಅಗಲಕ್ಕೆ ಬದಲು ಎತ್ತರಕ್ಕೆ ಕಟ್ಟಿದರು. ಮೂರು ಕಡೆ ಕಡಿದಾದ ಅಟ್ಟಣಿಗೆಗಳು. ನಾಲ್ಕನೆಯ ಕಡೆ ಸ್ಥಳ ಸಾಲದೆ ನೆಟ್ಟಗೆ ನಿಂತ ಗೋಡೆಯಂಥ ಕಟ್ಟಡ. ಈ ಆಕಾರದಿಂದ ಅದಕ್ಕೆ ಬೊಂಬೊನೆರಾ, ಅಂದರೆ ಮಿಠಾಯಿ ಡಬ್ಬಿ, ಎಂಬ ಹೆಸರು ನಿಂತಿತು. ಐವತ್ತು ಸಾವಿರಕ್ಕೂ ಮಿಕ್ಕಿದ ಜನ ಅಲ್ಲಿ ಒಟ್ಟಿಗೆ ಕುಣಿದಾಗ ಕಾಂಕ್ರೀಟು ಅದುರುತ್ತದೆ. ಅದು ನಡುಗುವುದಲ್ಲ, ಎದೆ ಬಡಿತ ಎನ್ನುತ್ತಾರೆ ಅಲ್ಲಿಯವರು.

ಅಭಿಮಾನ ಅತಿಯಾದರೆ ಏನಾಗುತ್ತದೆಂಬುದನ್ನೂ ಹೇಳಬೇಕು. 1968ರ ಜೂನ್ 23ರಂದು ರಿವರ್ ಪ್ಲೇಟಿನ ಕ್ರೀಡಾಂಗಣದಲ್ಲಿ ಈ ಎರಡು ತಂಡಗಳ ಪಂದ್ಯ ಮುಗಿದಾಗ 12ನೆಯ ದ್ವಾರದ ಮೆಟ್ಟಿಲುಗಳಲ್ಲಿ ನೂಕುನುಗ್ಗಲಾಗಿ 71 ಜನ ಸತ್ತರು. ಹೆಚ್ಚಿನವರು ಬೋಕಾದ ಅಭಿಮಾನಿಗಳು, ಎಳೆಯ ವಯಸ್ಸಿನವರು. ಯಾರಿಗೂ ಶಿಕ್ಷೆಯಾಗಲಿಲ್ಲ. ಅಭಿಮಾನಿಗಳ ಹೆಸರಿನಲ್ಲಿ ಪುಂಡರ ಗುಂಪುಗಳು ಬೆಳೆದದ್ದೂ ಉಂಟು. 2018ರಲ್ಲಿ ದಕ್ಷಿಣ ಅಮೆರಿಕದ ಲಿಬರ್ಟಡೋರೆಸ್ ಕಪ್ಪಿನ ಅಂತಿಮ ಪಂದ್ಯಕ್ಕೆ ಬೋಕಾ ತಂಡ ಹೋಗುತ್ತಿದ್ದ ಬಸ್ಸಿಗೆ ಎದುರಾಳಿ ಪಕ್ಷದವರು ಕಲ್ಲೆಸೆದು, ಕೊನೆಗೆ ಆ ಪಂದ್ಯವನ್ನು ಸಮುದ್ರದಾಚೆಯ ಮ್ಯಾಡ್ರಿಡ್ಡಿನಲ್ಲಿ ಆಡಿಸಬೇಕಾಯಿತು. ಬೋಕಾ ಸೋತಿತು. ಒಂದೇ ಕೇರಿಯಲ್ಲಿ ಹುಟ್ಟಿದ ಇಬ್ಬರು ತಮ್ಮ ಊರಲ್ಲಿ ಆಡಲಾರದೆ ಹೋದರು.

ಗೆಲುವುಗಳಿಗೇನೂ ಕೊರತೆಯಿಲ್ಲ. 1977, 1978, 2000, 2001, 2003, 2007ರಲ್ಲಿ ಆ ಕಪ್ಪು ಬೋಕಾದ್ದಾಯಿತು. 2000ದಲ್ಲಿ ಟೋಕಿಯೊ ನಗರದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 2–1ರಿಂದ ಸೋಲಿಸಿದರು. ಜಗತ್ಪ್ರಸಿದ್ಧನಾದ ಡಿಯೆಗೊ ಮರಡೋನಾ 1981ರಲ್ಲಿ ಇಲ್ಲಿ ಆಡಿ, 1995ರಲ್ಲಿ ಮರಳಿ ಬಂದು, ತನ್ನ ಕಟ್ಟಕಡೆಯ ಪಂದ್ಯವನ್ನು 1997ರಲ್ಲಿ ಇದೇ ಅಂಗಿ ತೊಟ್ಟು ಆಡಿದನು. ಅವನ ತಂದೆತಾಯಿಗಳೂ ದೂರದ ಕೊರ್ರಿಯೆಂತೆಸ್ ಪ್ರಾಂತದಿಂದ ಕೂಲಿಗಾಗಿ ರಾಜಧಾನಿಗೆ ಬಂದವರೇ. ಹೆಣ್ಣುಮಕ್ಕಳ ತಂಡವೂ ಹಿಂದೆ ಬಿದ್ದಿಲ್ಲ; 2021ರ ಜನವರಿಯ ಅಂತಿಮ ಪಂದ್ಯದಲ್ಲಿ ರಿವರ್ ಪ್ಲೇಟನ್ನು 7–0ರಿಂದ ಸೋಲಿಸಿತು.

ಇಷ್ಟಾದರೂ ಈ ಸಂಘಕ್ಕೆ ಧಣಿಯಿಲ್ಲ. ಯೂರೋಪಿನ ಎಷ್ಟೋ ಹೆಸರಾಂತ ತಂಡಗಳನ್ನು ಧನಿಕರು ಕೊಂಡುಕೊಂಡಿದ್ದಾರೆ. ಬೋಕಾ ಮಾತ್ರ ಚಂದಾ ಕೊಡುವ ಸದಸ್ಯರದು. ಅಧ್ಯಕ್ಷನನ್ನು ಅವರೇ ಮತ ಹಾಕಿ ಆರಿಸುತ್ತಾರೆ. 2023ರ ಡಿಸೆಂಬರಿನಲ್ಲಿ 40,000ಕ್ಕೂ ಹೆಚ್ಚು ಸದಸ್ಯರು ಸಾಲುಗಟ್ಟಿ ನಿಂತು, ಹಿಂದೆ ತಮ್ಮ ಮೆಚ್ಚಿನ ಆಟಗಾರನಾಗಿದ್ದ ಹ್ವಾನ್ ರೋಮಾನ್ ರಿಕೆಲ್ಮೆಯನ್ನು ಅಧ್ಯಕ್ಷನನ್ನಾಗಿ ಆರಿಸಿದರು. ನಮ್ಮ ವಾರ್ಷಿಕ ಸಭೆಗೆ ಕೋರಂ ಕೂಡಿಸಲು ಪಡುವ ಪಾಡನ್ನು ಬಲ್ಲವರು ಈ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಕೊನೆಗೊಂದು ಮಾತು. ಬೋಕಾದವರನ್ನು ಇಂದಿಗೂ ‘ಸೆನೆಯ್ಸೆ’ ಎಂದು ಕರೆಯುತ್ತಾರೆ. ಜೆನೋವಾದವರು ಎಂಬುದಕ್ಕೆ ಜೆನೋವಾದ ಆಡುಮಾತಿನಲ್ಲಿರುವ ಪದ ಅದು. ಅಂಗಿಯ ಮೇಲೆ ಅಚ್ಚಾಗುತ್ತದೆ, ಕ್ರೀಡಾಂಗಣದಲ್ಲಿ ಕೂಗಾಗುತ್ತದೆ. ಆದರೆ ಕೂಗುವವರ ಮನೆಗಳಲ್ಲಿ ಆ ಆಡುಮಾತು ಉಳಿದಿಲ್ಲ. ಒಂದೆರಡು ತಲೆಮಾರಿನಲ್ಲಿ ಸ್ಪ್ಯಾನಿಷ್ ಅದನ್ನು ನುಂಗಿತು. ಕೆಲವು ಪದಗಳು ಮಾತ್ರ ಬ್ಯೂನಸ್ ಐರಿಸಿನ ಬೀದಿಮಾತಿನಲ್ಲಿ ಸೇರಿ ಬದುಕಿವೆ. ಬೇರೆ ಪ್ರಾಂತಗಳಿಂದ ಬಂದವರನ್ನೂ ನೆರೆದೇಶಗಳಿಂದ ಬಂದವರನ್ನೂ ಸಂಘವು ತನ್ನವರೆಂದುಕೊಂಡದ್ದರಿಂದಲೇ ಅದು ದೇಶವ್ಯಾಪಿಯಾಯಿತು. ದೇಶದ ಅರ್ಧ ಜನ, ಮೇಲೊಬ್ಬ, ತಮ್ಮವರೆಂದು ಅವರು ಹೇಳಿಕೊಳ್ಳುತ್ತಾರೆ. ಅದು ದೊಡ್ಡ ಲಾಭ. ಮನೆಮಾತು ಹೋದದ್ದು ನಷ್ಟ. ಎರಡನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು.

ಸಂಘವೊಂದು ಹೆಸರನ್ನು ಉಳಿಸಬಲ್ಲದು, ಬಣ್ಣವನ್ನು ಉಳಿಸಬಲ್ಲದು, ಒಗ್ಗಟ್ಟನ್ನೂ ಉಳಿಸಬಲ್ಲದು. ಭಾಷೆ ಉಳಿಯುವುದು ಮಾತ್ರ ಊಟಕ್ಕೆ ಕುಳಿತಾಗ ತಾಯಿ ಮಗುವಿನೊಡನೆ ಆಡುವ ಮಾತಿನಲ್ಲಿ. ಆ ಕೆಲಸವನ್ನು ಯಾವ ಕಾರ್ಯಕಾರಿ ಸಮಿತಿಗೂ ಒಪ್ಪಿಸಿ ಕೈತೊಳೆದುಕೊಳ್ಳುವಂತಿಲ್ಲ. ಲಾ ಬೋಕಾದ ಜೆನೋವಾದವರು ಇದನ್ನು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ನಮ್ಮ ಪಾಲಿಗೆ ಇನ್ನೂ ಆಟದ ಸಮಯ ಮುಗಿದಿಲ್ಲ.