'ಲೇಟ್' ಅಂದರೆ ತಡವೋ, ಮರಣವೋ?

ನಮ್ಮ ಪರಿಚಯದ ಹೆಂಗಸೊಬ್ಬರು ತೀರಿಕೊಂಡ ಪತಿಯ ಉಳಿತಾಯದ ಹಣ ಕೇಳಿ ಲಂಡನ್ನಿನ ಬ್ಯಾಂಕೊಂದಕ್ಕೆ ಬರೆದರು: 'ಮೈ ಹಸ್‌ಬೆಂಡ್ ಈಸ್ ಲೇಟ್.' ಉತ್ತರ ಬಂತು: 'ಅವರು ಬಂದ ಮೇಲೆ ಅವರಿಂದಲೇ ಬರೆಸಿ.' ಪಾಪ, ಆಕೆಗೆ ಹೇಗಾಗಿರಬೇಡ!

ನೋಡಿ ಸೋದರಿಯರೇ, ಹೆಸರಿಗೋ ಸಂಬಂಧಕ್ಕೋ ಮುಂಚೆ 'ಲೇಟ್' ಬಂದರೆ ದಿವಂಗತ: 'ಮೈ ಲೇಟ್ ಹಸ್‌ಬೆಂಡ್'. 'ಈಸ್' ಆದಮೇಲೆ ಬಂದರೆ ಬರೀ ತಡ. 'ಲೇಟ್ಲಿ' ಅಂದರೆ ಇತ್ತೀಚೆಗೆ, ಅಷ್ಟೆ.

'ಎಕ್ಸ್‌ಪೈರ್ಡ್' ನಮ್ಮಲ್ಲಿ ರೂಢಿ. ಆದರೆ ಔಷಧಿಗೂ ಬಸ್ ಪಾಸಿಗೂ ಅದೇ ಮಾತು. 'ಡಿಸೀಸ್ಡ್' ಬರೆಯುವುದಾದರೆ ಮೊದಲ 'ಡಿ' ನಂತರ 'ಇ, ಸಿ' ಇರಲಿ; 'ಐ, ಎಸ್' ಆದರೆ ತೀರಿಕೊಂಡವರು ರೋಗಿಯಾಗಿಬಿಡ್ತಾರೆ!

ಎಲ್ಲಕ್ಕಿಂತ ಸುಲಭ 'ಡೈಡ್'. ಜೊತೆಗೆ ತಾರೀಖು ಹಾಕಿ, ಸಾಕು. ದುಃಖದಲ್ಲಿರುವವರಿಗೆ ಅರ್ಜಿ ಬರೆದುಕೊಡುವಾಗ ಇದು ನೆನಪಿರಲಿ.