ಮುಸ್ತಫಾ ಪೆಟ್ಟಿಗೆ: ಕೊಳ್ಳೋದೋ, ಗುಜರಿಗೆ ಬಿಡೋದೋ?

ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿಯ ಗೋದಾಮೊಂದರಲ್ಲಿ ಗೋಣಿತಾಟು ಹೊದ್ದು ನಿಂತಿರುವ ಹಳೇ ಪೆಟ್ಟಿಗೆಯೊಂದು ಹದಿನೈದು ದಿನಗಳಿಂದ ನಮ್ಮೂರಿನ ಒಂದು ಸಂಸಾರದ ನೆಮ್ಮದಿ ಕೆಡಿಸಿದೆ. ಪೆಟ್ಟಿಗೆ ಎಂದರೆ ಬೀರುವಲ್ಲ, ಐಸ್ ಪೆಟ್ಟಿಗೆಯೂ ಅಲ್ಲ. ಒಂದು ಕಾಲದಲ್ಲಿ ಕಾಯಿನ್ ಹಾಕಿ, ಹ್ಯಾಂಡಲ್ ತಿರುಚಿ, ಬಟನ್ ಕುಟ್ಟಿ ಆಡುತ್ತಿದ್ದ ವಿಡಿಯೋ ಗೇಮ್ ಮಷೀನು!

ನಂಬಿಕೆ ಬಾರದಿದ್ದರೆ ಶಿವಮೊಗ್ಗದಲ್ಲಿ ನಲವತ್ತು ದಾಟಿದ ಯಾವ ಗಂಡಸಿನ ಕಿವಿಯಲ್ಲಾದರೂ 'ಮುಸ್ತಫಾ' ಎಂದು ಉಸುರಿ ನೋಡಿ. ಕಣ್ಣರಳದಿದ್ದರೆ ಕೇಳಿ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ಹೊರತಂದ ಆ ಆಟದ ನಿಜವಾದ ಹೆಸರು 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್'. ಅಷ್ಟುದ್ದದ ಹೆಸರು ಯಾರ ಬಾಯಲ್ಲಿ ತಿರುಗೀತು? ಆಟದಲ್ಲಿದ್ದ ಮುಸ್ತಫಾ ಎಂಬ ಪಾತ್ರದ ಹೆಸರೇ ನಮ್ಮ ಹುಡುಗರ ಪಾಲಿಗೆ ಆಟದ ಹೆಸರೂ ಆಯಿತು.

ಈ ಪೆಟ್ಟಿಗೆ ಕೊಳ್ಳಲು ಹೊರಟವರು ನಮಗೆ ಬೇಕಾದ ಬೇಕರಿ ಯಜಮಾನರು. ಹುಡುಗರಾಗಿದ್ದಾಗ ಇದೇ ಪೆಟ್ಟಿಗೆಯ ಮುಂದೆ ನಿಲ್ಲಲು ಅಪ್ಪನ ಗಲ್ಲಾದಿಂದ ನಾಣ್ಯ ಎಗರಿಸಿ, ಸಿಕ್ಕಿಬಿದ್ದು, ಸೌದೆ ಕಟ್ಟಿಗೆಯಲ್ಲಿ ಏಟು ತಿಂದವರು. ಗೋದಾಮು ಖಾಲಿ ಮಾಡುತ್ತಾರೆ, ಸೋಮವಾರ ಗುಜರಿಯವನು ಗಾಡಿ ತರುತ್ತಾನೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ನಿದ್ದೆ ಹಾರಿತು.

ಗುಜರಿಯವನು ಕೊಡುತ್ತೇನೆಂದದ್ದು 1,500 ರೂಪಾಯಿ. ಗೋದಾಮಿನವರು ಇವರಿಗೆ ಹೇಳಿದ್ದು 20,000! "ಫಾರಿನ್ನಲ್ಲಿ ಇಂಥದ್ದು ಲಕ್ಷಗಟ್ಟಲೆ ಹೋಗುತ್ತೆ, ನಾನೇ ಮೊಬೈಲಲ್ಲಿ ನೋಡಿದೀನಿ" ಎಂಬುದು ಅವರ ವಾದ.

ಬೇಕರಿಯವರ ಹತ್ತಿರ ದುಡ್ಡಿಲ್ಲವೆಂದಲ್ಲ, 40,000 ಇತ್ತು. ಆದರೆ ಅದು ಒಲೆಯ ದುಡ್ಡು. ಓವನ್ನಿನ ಒಳಗಿನ ಇಟ್ಟಿಗೆ ಬಿರುಕು ಬಿಟ್ಟಿದೆ, ಬ್ರೆಡ್ಡು ಒಂದು ಮಗ್ಗುಲು ಕಪ್ಪು, ಇನ್ನೊಂದು ಮಗ್ಗುಲು ಹಸಿ. "ನೀವೇ ಹೇಳಿ ಅಣ್ಣಾ, ಅನ್ನ ಕೊಡೋ ಒಲೆ ಬಿಟ್ಟು ಆಟದ ಪೆಟ್ಟಿಗೆಗೆ ದುಡ್ಡು ಸುರೀತಾರಾ ಯಾರಾದ್ರೂ?" ಎಂದು ಅವರ ಮನೆಯವರು ನಮ್ಮನ್ನೇ ಪಂಚಾಯ್ತಿಗೆ ಎಳೆದರು. ಅಂಕಣ ಬರೆಯುವವನ ಕರ್ಮ, ಹೋಗಲೇಬೇಕಾಯಿತು.

ಮೇಷ್ಟ್ರು ಬಂದರು

ಹೋಗುವಾಗ ಜೊತೆಗೆ 'ಟೀವಿ ಮೇಷ್ಟ್ರನ್ನು' ಕರೆದುಕೊಂಡು ಹೋದೆವು. ಇವರು ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಮೂವತ್ತು ವರ್ಷ ಪಿಕ್ಚರ್ ಟ್ಯೂಬಿನ ಟೀವಿ ರಿಪೇರಿ ಮಾಡಿದವರು. ಗೋಡೆಗೆ ಅಂಟುವ ತೆಳ್ಳನೆ ಟೀವಿ ಬಂದ ಮೇಲೆ ಅಂಗಡಿ ಮುಚ್ಚಿ ಮಗನ ಮೊಬೈಲ್ ಅಂಗಡಿಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡಿದ್ದಾರೆ. ಕರೆದಾಗ ಬ್ಯಾಗು ಹುಡುಕಲು ಹತ್ತು ನಿಮಿಷ ಹಿಡಿಯಿತು. ಮುಖದಲ್ಲಿ ಮಾತ್ರ ಮದುವೆ ಕಳೆ.

ಬೇಕರಿಯವರು ಹೋದವರೇ ಪ್ಲಗ್ಗಿಗೆ ಕೈ ಹಾಕಿದರು. "ಮುಟ್ಟಬೇಡಿ!" ಮೇಷ್ಟ್ರು ಗದರಿದರು. ವರ್ಷಗಟ್ಟಲೆ ನಿಂತ ಮಷೀನಿಗೆ ಏಕಾಏಕಿ ಕರೆಂಟ್ ಕೊಟ್ಟರೆ ಉಳಿದದ್ದೂ ಸುಟ್ಟೀತು. ಇಲಿ ವೈರು ಕಡಿದಿರಬಹುದು, ಕಂಡೆನ್ಸರ್ ಒಣಗಿರಬಹುದು. ಅಲ್ಲದೆ ಪಿಕ್ಚರ್ ಟ್ಯೂಬು ಕೆಲಸ ಮಾಡುವುದೇ ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ. ಸ್ವಿಚ್ ಆರಿಸಿದ ಮೇಲೂ ಚಾರ್ಜು ಒಳಗೇ ಕೂತಿರಬಹುದು. ಗೊತ್ತಿಲ್ಲದವರು ಹಿಂಬಾಗಿಲು ತೆಗೆದು ಕೈ ಹಾಕುವುದು ಹಾವಿನ ಹುತ್ತಕ್ಕೆ ಕೈ ಹಾಕಿದ ಹಾಗೇ ಸರಿ. ಮೇಷ್ಟ್ರು ಸ್ಕ್ರೂಡ್ರೈವರಿಗೆ ಅರ್ಥ್ ವೈರು ಕಟ್ಟಿ, ಮೊದಲು ಆ ಚಾರ್ಜು ಇಳಿಸಿದರು. ಆಮೇಲೆ ಟಾರ್ಚು.

ಒಳಗೇನಿತ್ತು?

ಮೊದಲ ಸುದ್ದಿ ಗೋದಾಮಿನವರಿಗೆ ಕಹಿ. ಪೆಟ್ಟಿಗೆ ಜಪಾನಿನದೂ ಅಲ್ಲ, ಅಮೆರಿಕದ್ದೂ ಅಲ್ಲ. ಕಂಪನಿಯ ಫಲಕವಿಲ್ಲ, ಸೀರಿಯಲ್ ನಂಬರಿಲ್ಲ. ಪ್ಲೈವುಡ್ಡಿನಲ್ಲಿ ಇಲ್ಲಿಯ ಬಡಗಿಯೇ ಬಡಿದದ್ದು, ಒಳಗೆ ಕೂರಿಸಿದ್ದು ಮಾಮೂಲಿ ಕಲರ್ ಟೀವಿಯ ಟ್ಯೂಬು. ಬೋರ್ಡೂ ನಕಲು. ಲಕ್ಷಗಟ್ಟಲೆ ಬಾಳುವುದು ಕಂಪನಿಯೇ ಮಾಡಿದ, ಚಿತ್ರ-ಬಣ್ಣ ಕೆಡದ ಪೆಟ್ಟಿಗೆ. ಇದು ಆ ಜಾತಿಯದ್ದಲ್ಲ. ತಳದ ಹಲಗೆ ಮಳೆಗಾಲದ ತೇವ ಕುಡಿದು ಊದಿ, ಒಂದು ಮೂಲೆಗೆ ಗೆದ್ದಲೂ ಹತ್ತಿತ್ತು.

ಎರಡನೆಯದು ಬೋರ್ಡು. ಅಂಚಿನಲ್ಲಿ 56 ಸಂಪರ್ಕಗಳ ಬಾಚಣಿಗೆ. 'ಜಾಮಾ' ಎಂಬ ಈ ಪದ್ಧತಿ 1985ರಲ್ಲಿ ಜಪಾನಿನಲ್ಲಿ ಜಾರಿಗೆ ಬಂತು. ಒಂದು ಆಟದ ಬೋರ್ಡು ಕಿತ್ತು ಇನ್ನೊಂದು ಸಿಕ್ಕಿಸಿದರೆ ಸಾಕು, ಪೆಟ್ಟಿಗೆ ಬದಲಿಸಬೇಕಿಲ್ಲ. ಆಟವನ್ನು ಬರೆದಿಟ್ಟ ಐ.ಸಿ.ಗಳಿಗೆ ಪುಟ್ಟ ಗಾಜಿನ ಕಿಟಕಿಗಳಿದ್ದವು. ಕಿಟಕಿಗೆ ಅಂಟಿಸಿದ ಚೀಟಿ ಬಿದ್ದು ಬಿಸಿಲು ತಾಗುತ್ತಿದ್ದರೆ ಒಳಗಿನ ಬರಹ ನಿಧಾನವಾಗಿ ಅಳಿಸಿಹೋಗುತ್ತದೆ. ಇಲ್ಲಿ ಎರಡು ಚೀಟಿ ಬಿದ್ದಿದ್ದವು.

ಮೂರನೆಯದು ಟ್ಯೂಬು. ಮೇಷ್ಟ್ರು ಅದರ ಕತ್ತಿನ ಹತ್ತಿರ ಟಾರ್ಚು ಹಿಡಿದು, "ಇಲ್ಲಿ ನೋಡಿ ಸಾರ್, ಕನ್ನಡಿ ಥರಾ ಹೊಳೀತಿದೆ. ಗಾಳಿ ಹೊಕ್ಕಿದ್ರೆ ಇದು ಹಾಲಿನ ಹಾಗೆ ಬೆಳ್ಳಗಾಗಿರೋದು" ಎಂದರು. ಆಮೇಲೆ ನೂರು ವ್ಯಾಟಿನ ಹಳೇ ಬಲ್ಬೊಂದನ್ನು ಸೀರೀಸ್ ಕೊಟ್ಟು ಕರೆಂಟ್ ಹಾಯಿಸಿದರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಮಷೀನು ಬಚಾವಾಗುತ್ತದೆ. ಬಲ್ಬು ಒಮ್ಮೆ ಝಗ್ಗೆಂದು ಮಂಕಾಯಿತು. ಧೈರ್ಯ ಬಂತು. ಬಲ್ಬು ತೆಗೆದು ನೇರ ಕರೆಂಟ್ ಕೊಟ್ಟರು. ಟ್ಯೂಬಿನ ಕತ್ತಿನಲ್ಲಿ ಕೆಂಡದ ಬಣ್ಣದ ಚಿಕ್ಕ ಬೆಳಕು. ಅರೆ ನಿಮಿಷದಲ್ಲಿ ಪರದೆ ಬೆಳಗಿತು, ಚಿತ್ರವಿಲ್ಲ, ಎರಡೂ ಬದಿ ಒಳಕ್ಕೆ ಸೆಳೆದುಕೊಂಡು ನಡುಗುತ್ತಿತ್ತು.

"ಟ್ಯೂಬ್ ಜೀವಂತ ಇದೆ. ನಡುಕ ಕಂಡೆನ್ಸರಿಂದು." ಮೀಟರು ಹಿಡಿದರು. ಬೋರ್ಡಿಗೆ 5 ವೋಲ್ಟ್ ಬರಬೇಕಾದಲ್ಲಿ 4 ಕೂಡ ಇಲ್ಲ. "ಬೋರ್ಡು ಸತ್ತಿದೆಯೋ, ಉಪವಾಸ ಬಿದ್ದಿದೆಯೋ, ಈಗಲೇ ಹೇಳಕ್ಕಾಗಲ್ಲ."

ಲೆಕ್ಕ

ಗೋದಾಮಿನ ಗೋಡೆಗೆ ಒರಗಿಕೊಂಡೇ ಸಿಗರೇಟ್ ಪ್ಯಾಕಿನ ಹಿಂದೆ ಲೆಕ್ಕ ಬರೆದರು ಮೇಷ್ಟ್ರು. ಪವರ್ ಸಪ್ಲೈ 1,800. ಕಂಡೆನ್ಸರ್ 700. ಹ್ಯಾಂಡಲ್, ಬಟನ್ 2,500. ಬಡಗಿ, ಪ್ಲೈವುಡ್ 6,000. ಬೋರ್ಡು ಹೋಗಿದ್ದರೆ ಬೇರೆಯದಕ್ಕೆ 5,000. ಒಟ್ಟು 16,000. ಕೇಳಿದ ಬೆಲೆಯನ್ನೇ ಕೊಟ್ಟರೆ 36,000! ಒಲೆಯ ದುಡ್ಡು ಸಮಾ ನುಂಗಿತು.

"ಕಾಯಿನ್ ಹಾಕ್ಸಿ ವಸೂಲು ಮಾಡ್ತೀನಿ ಮೇಷ್ಟ್ರೇ" ಎಂದರು ಬೇಕರಿಯವರು. ಮೇಷ್ಟ್ರು ನಕ್ಕರು. ಆ ಕಾಲ ಬೇರೆ. 1972ರಲ್ಲಿ ಅಟಾರಿ ಕಂಪನಿಯವರು ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಹೆಂಡದಂಗಡಿಯಲ್ಲಿ 'ಪಾಂಗ್' ಎಂಬ ಆಟದ ಮೊದಲ ಪೆಟ್ಟಿಗೆ ಇಟ್ಟರಂತೆ. ಕೆಲವೇ ದಿನಕ್ಕೆ ಕೆಟ್ಟು ನಿಂತಿತು. ಹೋಗಿ ನೋಡಿದರೆ ಕೆಟ್ಟದ್ದೇನೂ ಇಲ್ಲ, ನಾಣ್ಯದ ಡಬ್ಬಿ ತುಂಬಿ ತುಳುಕಿತ್ತು! ಈಗ ಪ್ರತಿ ಹುಡುಗನ ಜೇಬಿನಲ್ಲೇ ನೂರು ಆಟ. ಅಂಗಡಿಯಲ್ಲಿಟ್ಟು ಕಾಸು ಮಾಡಬೇಕೆಂದರೆ ಲೈಸೆನ್ಸಿನ ಗೋಳೂ ವಿಚಾರಿಸಬೇಕು. ವ್ಯಾಪಾರಕ್ಕೆಂದು ಇಂಥದ್ದು ಕೊಳ್ಳುವವನು ಮುಳುಗಿದ ಹಾಗೇ.

ಹಾಗಾದರೆ ಬೇಡವೇ? ಇಲ್ಲಿ ಮೇಷ್ಟ್ರು ಹೇಳಿದ ಮಾತು ನಮಗೆ ಸರಿ ಕಂಡಿತು. "ಮತ್ತೆ ಸಿಗೋ ವಸ್ತುವಿಗೆ ಜಾಸ್ತಿ ಕೊಡಬೇಡಿ. ಸಿಗದೇ ಇರೋದಕ್ಕೆ ಕೊಡಿ." ಹಲಗೆ ಸಿಗುತ್ತದೆ. ಬಟನ್, ಸಪ್ಲೈ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಬಹುದು. ಆಟವೂ ಕಳೆದುಹೋಗಿಲ್ಲ. 1997ರಲ್ಲಿ ಇಟಲಿಯ ನಿಕೋಲಾ ಸಾಲ್ಮೋರಿಯಾ ಎಂಬವರು 'ಮೇಮ್' ಎಂಬ ಪ್ರೋಗ್ರಾಂ ಶುರು ಮಾಡಿದ ಮೇಲೆ ಹಳೆಯ ಆಟಗಳು ಕಂಪ್ಯೂಟರಿನಲ್ಲೇ ಉಳಿದುಕೊಂಡಿವೆ. ಸಿಗದಿರುವುದು ಈ ದಪ್ಪ ಗಾಜಿನ ಟ್ಯೂಬು. ಹೊಸದಾಗಿ ಮಾಡುವ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ತೆಳ್ಳನೆ ಪರದೆ ಹಾಕಿದರೂ ಆಟ ಬರುತ್ತದೆ, ಆದರೆ ಅದಕ್ಕೆ ಈ ಪೆಟ್ಟಿಗೆ ಯಾಕೆ ಬೇಕು? ಟ್ಯೂಬು ಸತ್ತಿದ್ದರೆ ಗುಜರಿಗೇ ಬಿಡಿ ಎನ್ನುತ್ತಿದ್ದರಂತೆ.

ಸಿಗದ ಇನ್ನೊಂದು ವಸ್ತು ಅಲ್ಲೇ ಟಾರ್ಚು ಹಿಡಿದು ನಿಂತಿತ್ತು. ಅದನ್ನು ನಾವು ಬಾಯಿಬಿಟ್ಟು ಹೇಳಲಿಲ್ಲ.

ತೀರ್ಮಾನ

ನಡುಗುವ ಪರದೆ, ಊದಿದ ಹಲಗೆ, ನಕಲು ಬೋರ್ಡು ಎಲ್ಲ ಕಣ್ಣಾರೆ ಕಂಡ ಮೇಲೆ ಗೋದಾಮಿನವರ ಫಾರಿನ್ ರೇಟು ಇಳಿಯತೊಡಗಿತು. ಚೌಕಾಸಿ ಒಂದು ಗಂಟೆ, ಟೀ ಎರಡು ಸಲ. ಕೊನೆಗೆ 4,500ಕ್ಕೆ ಕುದುರಿತು.

ಇನ್ನು ಮನೆಯ ಹೈಕೋರ್ಟು. ಅಲ್ಲಿಯ ತೀರ್ಪು ಹೀಗಿದೆ: ಒಲೆ ಮೊದಲು. ಒಲೆಯ ದುಡ್ಡು ಮುಟ್ಟಕೂಡದು. 4,500 ರೂಪಾಯಿ ಯಜಮಾನರ ಕೈಖರ್ಚಿನಿಂದ ಮೂರು ತಿಂಗಳಲ್ಲಿ ಕಡಿತ. ರಿಪೇರಿ ಒಂದೊಂದೇ, ಮೊದಲು ಸಪ್ಲೈ, ಬೋರ್ಡಿನ ಹಣೆಬರಹ ಗೊತ್ತಾಗುವವರೆಗೆ ಬಡಗಿಗೆ ಹೇಳಕೂಡದು.

ಮೇಷ್ಟ್ರು ಕೂಲಿ ಬೇಡವೆಂದರು. ಅವರದೂ ಒಂದು ಷರತ್ತು. ಪ್ರತಿ ಭಾನುವಾರ ಮಧ್ಯಾಹ್ನ ಬೇಕರಿಯವರ ಮಗ ಪಕ್ಕದಲ್ಲಿ ಕೂತು ಸೋಲ್ಡರ್ ಹಿಡಿಯುವುದು ಕಲಿಯಬೇಕು. "ನನ್ನ ಮಗ ಕಲೀಲಿಲ್ಲ ಸಾರ್" ಎಂದಷ್ಟೇ ಹೇಳಿ ಬ್ಯಾಗಿನ ಜಿಪ್ ಎಳೆದರು.

ನೂರು ಕೆ.ಜಿ.ಗೂ ಮಿಕ್ಕಿದ ಪೆಟ್ಟಿಗೆಯನ್ನು ಆರು ಜನ ಲಗ್ಗೇಜ್ ಆಟೋಕ್ಕೆ ಏರಿಸಿದರು. ಈಗದು ಬೇಕರಿಯ ಹಿಂದೆ, ತೇವ ತಾಗದಂತೆ ನಾಲ್ಕು ಇಟ್ಟಿಗೆ ಮೇಲೆ ನಿಂತಿದೆ. ಇಟ್ಟಿಗೆ ಎಲ್ಲಿಯದು ಎಂದಿರಾ? ಹಳೇ ಒಲೆಯಿಂದ ಕಿತ್ತದ್ದು. ಹೊಸ ಒಲೆಯ ಬ್ರೆಡ್ಡು ಎರಡೂ ಮಗ್ಗುಲು ಒಂದೇ ಬಣ್ಣ ಬಂದಿದೆ, ನಾವೇ ತಿಂದು ನೋಡಿದ್ದೇವೆ. ಮುಸ್ತಫಾ ಎದ್ದನೋ ಇಲ್ಲವೋ, ಸಪ್ಲೈ ಬೆಂಗಳೂರಿಂದ ಬಂದ ಮೇಲೆ ತಿಳಿಸುತ್ತೇವೆ.