ಎಳೆಯರ ತೊಡೆಯ ಮೂಳೆ ಮುರಿದಾಗ

ಹನ್ನೆರಡು ವರ್ಷದ ಹುಡುಗನೊಬ್ಬನು ಮರದಿಂದ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡನೆಂದು ಭಾವಿಸೋಣ. ಅವನು ಮೂರು ವರ್ಷದ ಮಗುವಾಗಿದ್ದರೆ ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಕಟ್ಟಿ ಕೆಲವು ವಾರ ಮಲಗಿಸಿದರೆ ಸಾಮಾನ್ಯವಾಗಿ ಸಾಕಾಗುತ್ತಿತ್ತು. ವಯಸ್ಕನಾಗಿದ್ದರೆ ಮೂಳೆಯ ಟೊಳ್ಳಿನೊಳಗೆ ಗಟ್ಟಿಯಾದ ಲೋಹದ ಸಲಾಕೆಯನ್ನು ತೂರಿಸಬಹುದಾಗಿತ್ತು. ಈ ಹುಡುಗನಾದರೋ ಇವರಿಬ್ಬರ ನಡುವಿನವನು. ಅವನ ಮೈ ಭಾರವಾಗಿದೆ; ಆದರೆ ಮೂಳೆಯ ಬೆಳವಣಿಗೆ ಇನ್ನೂ ಮುಗಿದಿಲ್ಲ. ತೊಡಕಿರುವುದು ಇಲ್ಲಿಯೇ.

ಮೂಳೆಯ ಎರಡು ತುದಿಗಳಲ್ಲಿಯೂ ಮೃದ್ವಸ್ಥಿಯ ತೆಳು ಪದರಗಳುಂಟು. ಮೂಳೆಯು ಉದ್ದವಾಗುವುದು ಇವುಗಳಿಂದಲೇ. ತೊಡೆಯ ಮೂಳೆಯ ಬೆಳವಣಿಗೆಯಲ್ಲಿ ಸುಮಾರು ಶೇಕಡಾ 70ರಷ್ಟು ಮಂಡಿಯ ಬಳಿಯ ಪದರದಿಂದ ನಡೆಯುತ್ತದೆ. ಅದಕ್ಕೆ ಪೆಟ್ಟಾದರೆ ಕಾಲು ಗಿಡ್ಡವಾಗಬಹುದು, ಇಲ್ಲವೆ ಸೊಟ್ಟಗಾಗಬಹುದು. ಮೇಲ್ತುದಿಯಲ್ಲಿ ಮತ್ತೊಂದು ಅಪಾಯವಿದೆ. ಸೊಂಟದ ಕೀಲಿನೊಳಗಿನ ಮೂಳೆಯ ತಲೆಗೆ ರಕ್ತವನ್ನೊಯ್ಯುವ ಸಣ್ಣ ನಾಳಗಳು ಅಲ್ಲಿಯೇ ಹಾದುಹೋಗುತ್ತವೆ.

ಜರ್ಮನಿಯ ಗೆರ್ಹಾರ್ಟ್ ಕ್ಯುಂಟ್‌ಷರ್ ಎಂಬ ಶಸ್ತ್ರವೈದ್ಯರು 1939ರಲ್ಲಿ ಒಳಸಲಾಕೆಯ ವಿಧಾನವನ್ನು ಬಳಕೆಗೆ ತಂದರು. ವಯಸ್ಕರಿಗೆ ಅದು ವರವಾಯಿತು. ಆದರೆ ಎಳೆಯರಲ್ಲಿ ಮೂಳೆಯ ಕೊರಳಿನ ಬುಡದಿಂದ ಸಲಾಕೆಯನ್ನು ಇಳಿಸಿದರೆ ಆ ರಕ್ತನಾಳಗಳು ಹರಿದು, ಮೂಳೆಯ ತಲೆಯೇ ಸಾಯುವ ಸಂಭವವುಂಟು.

ಇದಕ್ಕೆ ಪರಿಹಾರವಾಗಿ ಫ್ರಾನ್ಸಿನ ನಾನ್ಸಿ ನಗರದ ವೈದ್ಯರು ಬಳುಕುವ ಸಲಾಕೆಗಳ ವಿಧಾನವನ್ನು ಬೆಳೆಸಿದರು. ಬಿಲ್ಲಿನಂತೆ ಬಾಗಿಸಿದ ಎರಡು ತೆಳು ಸಲಾಕೆಗಳನ್ನು ಮಂಡಿಯ ಪದರಕ್ಕಿಂತ ಮೇಲೆ, ಎರಡು ಪಕ್ಕಗಳಿಂದ, ಮೂಳೆಯೊಳಗೆ ಏರಿಸುತ್ತಾರೆ. ಎರಡರ ಬಾಗೂ ಎದುರುಬದುರಾಗಿ ನಿಂತು, ಒಂದರ ಒತ್ತಡವನ್ನು ಇನ್ನೊಂದು ಸರಿದೂಗಿಸುತ್ತದೆ. ಮುರಿದೆಡೆಯಲ್ಲಿ ಉಳಿಯುವ ಅಲ್ಪ ಚಲನೆಯು ಹೊಸ ಮೂಳೆಯ ಬೆಳವಣಿಗೆಯನ್ನು ಪ್ರಚೋದಿಸುತ್ತದೆ. ಬೆಳವಣಿಗೆಯ ಪದರಗಳಿಗೂ ರಕ್ತನಾಳಗಳಿಗೂ ಧಕ್ಕೆಯಿಲ್ಲ.

ಆದರೆ ಬಳುಕುವ ವಸ್ತು ಮಿತಿಮೀರಿದ ಹೊರೆಯನ್ನು ತಾಳಲಾರದು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಹನ್ನೊಂದು ವರ್ಷ ದಾಟಿದವರಲ್ಲಿ ಹಾಗೂ 49 ಕಿಲೋಗ್ರಾಂಗಿಂತ ಹೆಚ್ಚು ತೂಕದವರಲ್ಲಿ ಫಲಿತಾಂಶ ಕೆಟ್ಟುದು ಕಂಡುಬಂದಿತು. ಮೂಳೆ ಚೂರುಚೂರಾಗಿದ್ದರೆ ಅಥವಾ ಉದ್ದಕ್ಕೆ ಓರೆಯಾಗಿ ಸೀಳಿದ್ದರೆ, ತುಂಡುಗಳು ಜಾರಿ ಕಾಲು ಕುಗ್ಗುವುದೂ ಉಂಟು. ಅಂಥಲ್ಲಿ ಸಣ್ಣ ಗಾಯಗಳ ಮೂಲಕ ಸ್ನಾಯುವಿನಡಿಯಲ್ಲಿ ಉದ್ದನೆಯ ಲೋಹದ ಪಟ್ಟಿಯನ್ನು ಸರಿಸಿ, ತಿರುಪುಗಳಿಂದ ಬಿಗಿಯುತ್ತಾರೆ. ಇದು ಉದ್ದವನ್ನು ಚೆನ್ನಾಗಿ ಕಾಯುತ್ತದೆ. ಆದರೆ ಮುಂದೆ ಅದನ್ನು ತೆಗೆಯುವುದು ಸಲಾಕೆಯನ್ನು ತೆಗೆಯುವುದಕ್ಕಿಂತ ಕಷ್ಟ. ಚರ್ಮ ಹರಿದು ಗಾಯ ಮಲಿನವಾಗಿದ್ದರೆ ಹೊರಗಿನಿಂದ ಹಿಡಿದಿಡುವ ಚೌಕಟ್ಟು ಉಪಯುಕ್ತ. ಇದರಲ್ಲಿ ಮೊಳೆಗಳ ಸುತ್ತ ಕೀವಾಗುವ ಭಯವೂ, ಚೌಕಟ್ಟನ್ನು ತೆಗೆದ ಬಳಿಕ ಮೂಳೆ ಮತ್ತೆ ಮುರಿಯುವ ಭಯವೂ ಇವೆ.

ಹಾಗಾದರೆ ನಮ್ಮ ಹುಡುಗನಿಗೆ ಯಾವುದು ಲೇಸು? ಅವನು ಹಗುರಾಗಿದ್ದು, ಮೂಳೆ ಅಡ್ಡಲಾಗಿ ಮುರಿದಿದ್ದರೆ ಬಳುಕುವ ಸಲಾಕೆ, ಚೂರಾಗಿದ್ದರೆ ಪಟ್ಟಿ, ಮೈ ಭಾರವಾಗಿದ್ದರೆ ಗಟ್ಟಿ ಸಲಾಕೆ. ಈಗ ಗಟ್ಟಿ ಸಲಾಕೆಯನ್ನು ರಕ್ತನಾಳಗಳಿಂದ ದೂರವಾಗಿ, ಮೇಲ್ತುದಿಯ ಹೊರಪಕ್ಕದ ಉಬ್ಬಿನಿಂದ ಇಳಿಸುತ್ತಾರೆ. ಎಲ್ಲರಿಗೂ ಒಪ್ಪುವ ಒಂದೇ ವಿಧಾನವಿಲ್ಲ. ಆದುದರಿಂದಲೇ ವೈದ್ಯರು ಎಕ್ಸ್-ರೇ ಚಿತ್ರವನ್ನು ನೋಡುವುದರ ಜೊತೆಗೆ ಹುಡುಗನ ವಯಸ್ಸನ್ನು ಕೇಳಿ, ಅವನನ್ನು ತೂಕಕ್ಕೂ ಹಚ್ಚುತ್ತಾರೆ.